‘ಐ’ ಅಂದ್ರೆ ಎಂತ ಮಾರಾಯಾ?

ಮೊದಲು ಒಂದು ತಪ್ಪೊಪ್ಪಿಗೆ.

ಮೂರನೇ ಸೆಮಿಸ್ಟರ್ ಶುರುವಾಗಿ ಎರಡನೇ ವಾರ. ಗಣಿತದ ಕ್ಲಾಸಲ್ಲಿ ಫೂರಿಯರ್ ಸರಣಿ ನಡೀತಿತ್ತು. ಬೋರ್ಡ್ ಮೇಲೆ ಕಾಸ್ ಥೀಟಾ, ಕಾಸ್ 2ಥೀಟಾ, ಕಾಸ್ 3ಥೀಟಾ ಅಂತ ಸಾಲಾಗಿ ಬಂತು. ಅದನ್ನೆಲ್ಲ ಕೂಡಿಸೋ ಹೊತ್ತಿಗೆ ಎಲ್ಲಿಂದಲೋ ಒಂದು ‘ಐ’ ಬಂದು ಕೂತಿತು. ಎರಡು ಸಾಲು ಇತ್ತು, ಉತ್ತರ ಕೊಟ್ಟಿತು, ಮತ್ತೆ ಮಾಯವಾಯಿತು. ನಾವೆಲ್ಲ ತಲೆ ಎತ್ತದೆ ಬರ್ಕೊಂಡ್ವಿ. ಹಿಂದಿನ ಬೆಂಚಲ್ಲಿದ್ದ ನಮ್ಮ ಗೆಳೆಯನೊಬ್ಬ ಮಾತ್ರ ಬರೀಲಿಲ್ಲ. ಅವನು ಬೈಂದೂರು ಕಡೆಯವನು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ನಮ್ಮ ಕಡೆ ಬಗ್ಗಿ ಕೇಳಿದ: "ಹ್ವಾಯ್, ಈ ‘ಐ’ ಅಂದ್ರೆ ಎಂತ ಮಾರಾಯಾ? ಅದನ್ನ್ ಇಲ್ಲಿ ಹಾಕುದ್ ಎಂತಕ್ಕೆ?"

ನಾವು ನಕ್ಕೆವು. ಕೆಟ್ಟ ನಗು ಅಂತಲ್ಲ, ಆದ್ರೂ ನಗು ನಗುವೇ. "ರೂಟ್ ಆಫ್ ಮೈನಸ್ ಒನ್ ಮಾರಾಯಾ, ಪಿಯುಸೀಲಿ ಓದಿಲ್ವಾ?" ಅಂದ್ವಿ. ಅವನು ಸುಮ್ಮನಾದ. ಆಮೇಲೆ ಆ ಸೆಮಿಸ್ಟರ್ ಪೂರ್ತಿ ಅವನು ಗಣಿತದ ಕ್ಲಾಸಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೊದಲ ಇಂಟರ್ನಲ್ಸಲ್ಲಿ ಆ ಲೆಕ್ಕವನ್ನ ಮುಟ್ಟಲೇ ಇಲ್ಲ.

ಇಂಟರ್ನಲ್ಸ್ ಆದ ದಿನ ರಾತ್ರಿ ಹಾಸ್ಟೆಲಲ್ಲಿ ಅವನ ಪ್ರಶ್ನೆ ಮತ್ತೆ ನೆನಪಾಯ್ತು. ನಾವು ಮೂರು ಜನ ಕೂತಿದ್ವಿ. ಒಬ್ಬ ಕುಂದಾಪುರ, ಒಬ್ಬ ಬೈಂದೂರು ಪೇಟೆ, ಒಬ್ಬ ಬ್ರಹ್ಮಾವರ. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಆ ಲೆಕ್ಕದಲ್ಲಿ ಮೂವರಿಗೂ ಪೂರ್ತಿ ಮಾರ್ಕ್ಸ್. ಸರಿ, ಈಗ ಅವನು ಬಂದು ಮತ್ತೆ ಕೇಳಿದ್ರೆ ಎಂತ ಹೇಳೋದು ಅಂತ ಯೋಚಿಸಿದ್ವಿ. ಹತ್ತು ನಿಮಿಷ ಆದ್ಮೇಲೆ ಗೊತ್ತಾಯ್ತು: ನಮಗೂ ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲ ಅನ್ನೋದು ಅವನಿಗೆ ಗೊತ್ತಿತ್ತು. ನಮಗೆ ಅಷ್ಟೂ ಗೊತ್ತಿರಲಿಲ್ಲ.

ಈ ಲೇಖನ ಅವನಿಗೆ ಕೊಡಬೇಕಿದ್ದ ಉತ್ತರ. ಜೊತೆಗೆ ನಮ್ಮ ಒಂದು ಅಭಿಪ್ರಾಯ: ತ್ರಿಕೋನಮಿತಿ ಸರಣಿಗಳನ್ನ ಕೂಡಿಸೋಕೆ ಸಂಕೀರ್ಣ ಸಂಖ್ಯೆ ಬಳಸೋದು ಕೈಚಳಕ ಅಲ್ಲ, ಅದೇ ನೇರ ದಾರಿ. ಅದನ್ನ ಕೈಚಳಕದ ಹಾಗೆ ಬಾಯಿಪಾಠ ಮಾಡೋದ್ರಿಂದಲೇ ನಮ್ಮಲ್ಲಿ ಅರ್ಧ ಜನ ಗಣಿತಕ್ಕೆ ಹೆದರೋದು, ಉಳಿದರ್ಧ ಜನ ಗೊತ್ತಿದೆ ಅಂದ್ಕೊಳ್ಳೋದು.

ಮರವಂತೆ ರಸ್ತೆ ಮೇಲೆ

ಮರವಂತೆ ನಮಗೆಲ್ಲ ಗೊತ್ತು. ರಾಷ್ಟ್ರೀಯ ಹೆದ್ದಾರಿ 66, ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಆ ರಸ್ತೆ ಮೇಲೆ ಉತ್ತರಕ್ಕೆ, ಅಂದ್ರೆ ಬೈಂದೂರು ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಬೈಂದೂರು ಕಡೆ ಒಂದು ಹೆಜ್ಜೆ ಅಂದ್ರೆ +1. ಕುಂದಾಪುರ ಕಡೆ ಒಂದು ಹೆಜ್ಜೆ ಅಂದ್ರೆ −1. (ಬ್ರಹ್ಮಾವರದವನು ಬೇಜಾರು ಮಾಡ್ಕೊಂಡ. ಅವನ ಊರು ಅಂದಾಜು −2 ಅಂತ ಸಮಾಧಾನ ಮಾಡಿದ್ವಿ.)

ಈಗ −1ರಿಂದ ಗುಣಿಸೋದು ಅಂದ್ರೆ ಎಂತ? ಹಿಂದೆ ತಿರುಗೋದು. ಬೈಂದೂರು ಕಡೆ ಮುಖ ಇದ್ದವನು ಕುಂದಾಪುರ ಕಡೆ ಮುಖ ಮಾಡೋದು. ಎರಡು ಸಲ ಹಿಂದೆ ತಿರುಗಿದ್ರೆ ಮತ್ತೆ ಬೈಂದೂರು. ಅದಕ್ಕೇ ಮೈನಸ್ ಇಂಟು ಮೈನಸ್ ಪ್ಲಸ್. ಏಳನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ ನಿಯಮ ಇಷ್ಟೇ.

ಹಾಗಾದ್ರೆ −1ರ ವರ್ಗಮೂಲ ಯಾವುದು? ಯಾವ ಕೆಲಸವನ್ನ ಎರಡು ಸಲ ಮಾಡಿದ್ರೆ ಹಿಂದೆ ತಿರುಗಿದ ಹಾಗಾಗುತ್ತೋ ಅದು. ರಸ್ತೆ ಮೇಲೆ ಮುಂದೆ, ಹಿಂದೆ ಮಾತ್ರ ನೋಡ್ತಾ ಇದ್ರೆ ಅಂಥ ಕೆಲಸ ಸಿಗೋದೇ ಇಲ್ಲ. ಆದ್ರೆ ಎಡಕ್ಕೆ 90 ಡಿಗ್ರಿ ತಿರುಗಿ ನೋಡಿ. ಎದುರಿಗೆ ಕಡಲು. ಇನ್ನೊಮ್ಮೆ ಎಡಕ್ಕೆ 90 ಡಿಗ್ರಿ. ಎದುರಿಗೆ ಕುಂದಾಪುರ. ಎರಡು ಸಲ ಎಡಕ್ಕೆ ತಿರುಗಿದ್ರೆ ಒಂದು ಸಲ ಹಿಂದೆ ತಿರುಗಿದ ಹಾಗೆ. ಆ ಎಡ ತಿರುವೇ ‘ಐ’. ಕಡಲು ಐ, ಸೌಪರ್ಣಿಕಾ ಮೈನಸ್ ಐ. ಅಷ್ಟೇ.

9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಅವನು ಹೇಳಿದ್ದು ತಪ್ಪಲ್ಲ. ರಸ್ತೆ ಮೇಲೆ ನಿಂತವನಿಗೆ ಅದು ನಿಜವೇ. ಆ ಪ್ರಶ್ನೆಯನ್ನ ನಮ್ಮ ರಾಷ್ಟ್ರಕೂಟರ ನಾಡಿನಲ್ಲಿ 1100 ವರ್ಷಗಳ ಹಿಂದೆಯೇ ಒಬ್ಬ ಗಂಭೀರವಾಗಿ ಯೋಚಿಸಿದ್ದ ಅನ್ನೋದು ದೊಡ್ಡ ವಿಷಯ. ಹಿಂದಿನ ಬೆಂಚಿನ ನಮ್ಮ ಗೆಳೆಯ ಕೇಳಿದ್ದೂ ಅದೇ ಪ್ರಶ್ನೆ. ಮಹಾವೀರಾಚಾರ್ಯನ ಮುಂದೆ ನಾವು ನಗ್ತಿದ್ವಾ?

ರಸ್ತೆ ಬಿಟ್ಟು ಪಕ್ಕಕ್ಕೆ ನೋಡೋಕೆ ಜಗತ್ತಿಗೆ ತುಂಬಾ ಕಾಲ ಹಿಡೀತು. 1637ರಲ್ಲಿ ಡೆಕಾರ್ಟ್ ಇವುಗಳಿಗೆ ‘ಕಾಲ್ಪನಿಕ’ ಅಂತ ಹೆಸರಿಟ್ಟ. ಆ ಹೆಸರೇ ಇವತ್ತಿಗೂ ನಮ್ಮನ್ನ ಹೆದರಿಸ್ತಾ ಇದೆ. 1797ರಲ್ಲಿ ಕ್ಯಾಸ್ಪರ್ ವೆಸ್ಸೆಲ್ ಡೆನ್ಮಾರ್ಕಿನ ವಿಜ್ಞಾನ ಅಕಾಡೆಮಿ ಮುಂದೆ ಈ ಸಂಖ್ಯೆಗಳನ್ನ ದಿಕ್ಕಿರುವ ಗೆರೆಗಳಾಗಿ ತೋರಿಸಿದ. ಅವನ ಕಸುಬು ಭೂಮಿ ಸರ್ವೆ. ದಿನಾ ಜಾಗ ಅಳೆಯೋನಿಗೆ ಇದು ಹೊಳೆದದ್ದು ನಮಗೇನೂ ಆಶ್ಚರ್ಯ ಅನ್ನಿಸಲಿಲ್ಲ.

ರಸ್ತೆ ಪಾಲು, ಕಡಲ ಪಾಲು

ಈಗ ಒಂದು ಮೀಟರ್ ಉದ್ದದ ಬಾಣ ತಗೊಳ್ಳಿ. ಬೈಂದೂರು ದಿಕ್ಕಿನಿಂದ ಥೀಟಾದಷ್ಟು ಎಡಕ್ಕೆ ತಿರುಗಿಸಿ ಇಡಿ. ಆ ಬಾಣ ರಸ್ತೆ ಉದ್ದಕ್ಕೆ ಎಷ್ಟು ಹೋಗಿದೆ? ಕಾಸ್ ಥೀಟಾ. ಕಡಲ ಕಡೆಗೆ ಎಷ್ಟು ಹೋಗಿದೆ? ಸೈನ್ ಥೀಟಾ. ಹಾಗಾಗಿ ಬಾಣ ಅಂದ್ರೆ ‘ಕಾಸ್ ಥೀಟಾ + ಐ ಸೈನ್ ಥೀಟಾ’. ಕಾಸ್ ಅದರ ರಸ್ತೆ ಪಾಲು, ಸೈನ್ ಅದರ ಕಡಲ ಪಾಲು. 1748ರಲ್ಲಿ ಆಯ್ಲರ್ ತನ್ನ ಪುಸ್ತಕದಲ್ಲಿ ಇದನ್ನ ಘಾತದ ರೂಪದಲ್ಲಿ ಬರೆದ, ನಾವು ಅದನ್ನ ಆಯ್ಲರ್ ಸೂತ್ರ ಅಂತೀವಿ. ಈ ಬಾಣದಿಂದ ಗುಣಿಸೋದು ಅಂದ್ರೆ ಥೀಟಾದಷ್ಟು ತಿರುಗಿಸೋದು. ಎರಡು ಸಲ ಗುಣಿಸಿದ್ರೆ 2ಥೀಟಾ, ಮೂರು ಸಲ ಗುಣಿಸಿದ್ರೆ 3ಥೀಟಾ.

ಈಗ ಆ ಬೋರ್ಡಿನ ಲೆಕ್ಕಕ್ಕೆ ಬನ್ನಿ. ಕಾಸ್ ಥೀಟಾ + ಕಾಸ್ 2ಥೀಟಾ + ... + ಕಾಸ್ ಎನ್‌ಥೀಟಾ ಎಷ್ಟು? ಒಂದೊಂದೇ ಕಾಸ್ ನೋಡಿದ್ರೆ ಒಂದಕ್ಕೊಂದು ಸಂಬಂಧ ಕಾಣೋದಿಲ್ಲ. ಯಾಕಂದ್ರೆ ನಾವು ನೆರಳನ್ನ ಮಾತ್ರ ನೋಡ್ತಾ ಇದ್ದೀವಿ. ಬಾಣಗಳನ್ನ ನೋಡಿ. ಪ್ರತಿ ಬಾಣವೂ ಹಿಂದಿನದನ್ನ ಥೀಟಾದಷ್ಟು ತಿರುಗಿಸಿದ್ದು. ಅಂದ್ರೆ ಹಿಂದಿನದನ್ನ ಒಂದೇ ಸಂಖ್ಯೆಯಿಂದ ಗುಣಿಸಿದ್ದು. ಅಂದ್ರೆ ಇದು ಗುಣೋತ್ತರ ಶ್ರೇಢಿ! ಅದರ ಸೂತ್ರ ಸಾಕು. ಬಾಣಗಳನ್ನೆಲ್ಲ ಕೂಡಿಸಿ, ಕೊನೆಗೆ ರಸ್ತೆ ಪಾಲು ತೆಗೆದುಕೊಂಡ್ರೆ ಮುಗೀತು. ರಸ್ತೆ ಪಾಲುಗಳ ಮೊತ್ತವೂ ಮೊತ್ತದ ರಸ್ತೆ ಪಾಲೂ ಒಂದೇ. ಬೋರ್ಡ್ ಮೇಲೆ ‘ಐ’ ಬಂದದ್ದು ಇದಕ್ಕೆ, ಕೊನೆಗೆ ಮಾಯವಾದದ್ದೂ ಇದಕ್ಕೆ.

ಇದನ್ನ ನಂಬೋಕೆ ಒಂದು ಶನಿವಾರ ಕೋಡಿ ಬೀಚಿಗೆ ಹೋದ್ವಿ. ಗೆಳೆಯನನ್ನೂ ಕರ್ಕೊಂಡು ಹೋದ್ವಿ. ಮರಳ ಮೇಲೆ ಒಂದು ಮೀಟರ್ ಗೆರೆ ಎಳಿ, 72 ಡಿಗ್ರಿ ಎಡಕ್ಕೆ ತಿರುಗು, ಮತ್ತೆ ಒಂದು ಮೀಟರ್. ಐದು ಸಲ ಮಾಡಿದ್ರೆ ಹೊರಟ ಜಾಗಕ್ಕೇ ಬರ್ತೀವಿ, ಪಂಚಭುಜ ಆಗುತ್ತೆ. ಹೊರಟ ಜಾಗಕ್ಕೇ ಬಂದ್ರೆ ರಸ್ತೆ ಪಾಲಿನ ಮೊತ್ತ ಸೊನ್ನೆ. ಹಾಗಾಗಿ ಕಾಸ್ 0 + ಕಾಸ್ 72 + ಕಾಸ್ 144 + ಕಾಸ್ 216 + ಕಾಸ್ 288 = 0. ಕ್ಯಾಲ್ಕುಲೇಟರ್ ಮುಟ್ಟದೆ ಗೊತ್ತಾಯ್ತು.

ಪೂರ್ತಿ ಸುತ್ತು ಬರದೆ ಮಧ್ಯದಲ್ಲೇ ನಿಂತ್ರೆ? ಸಮ ಉದ್ದದ ಬಾಣಗಳು ಸಮವಾಗಿ ತಿರುಗ್ತಾ ಹೋದ್ರೆ ಅವುಗಳ ತುದಿಗಳೆಲ್ಲ ಒಂದು ವೃತ್ತದ ಮೇಲೆ ಕೂರ್ತವೆ. ಪ್ರತಿ ಬಾಣವೂ ಆ ವೃತ್ತದ ಒಂದು ಜ್ಯಾ. ಹೊರಟ ಜಾಗದಿಂದ ನಿಂತ ಜಾಗಕ್ಕೆ ಎಳೆದ ಗೆರೆಯೂ ಒಂದು ಜ್ಯಾ. ಸಣ್ಣ ಜ್ಯಾ ಅಂದ್ರೆ ತ್ರಿಜ್ಯದ ಎರಡು ಪಟ್ಟು ಇಂಟು ಸೈನ್ (ಥೀಟಾ/2). ದೊಡ್ಡ ಜ್ಯಾ ಅಂದ್ರೆ ತ್ರಿಜ್ಯದ ಎರಡು ಪಟ್ಟು ಇಂಟು ಸೈನ್ (ಎನ್‌ಥೀಟಾ/2). ಸಣ್ಣದು ಒಂದು ಮೀಟರ್ ಆದ್ರೆ ದೊಡ್ಡದರ ಉದ್ದ ಸೈನ್ (ಎನ್‌ಥೀಟಾ/2) ಭಾಗಿಸು ಸೈನ್ (ಥೀಟಾ/2). ಅದರ ದಿಕ್ಕು? ಮೊದಲ ಬಾಣ ಮತ್ತು ಕೊನೆ ಬಾಣದ ಸರಾಸರಿ ದಿಕ್ಕು, ಅಂದ್ರೆ (ಎನ್+1) ಥೀಟಾ/2. ಉದ್ದಕ್ಕೆ ಆ ದಿಕ್ಕಿನ ಕಾಸ್ ಗುಣಿಸಿದ್ರೆ ರಸ್ತೆ ಪಾಲು ಬಂತು. ನಮ್ಮ ಪಠ್ಯಪುಸ್ತಕದ ಆ ಭಯಂಕರ ಸೂತ್ರ ಪೂರ್ತಿ ಇಷ್ಟೇ. ಎಲ್ಲಿ ಎನ್, ಎಲ್ಲಿ ಎನ್+1 ಅಂತ ಪರೀಕ್ಷೆ ಹಾಲಲ್ಲಿ ಪರದಾಡೋದೇ ಬೇಡ. ಒಂದು ಉದ್ದ, ಇನ್ನೊಂದು ದಿಕ್ಕು.

ಅಂದ ಹಾಗೆ ‘ಸೈನ್’ ಅನ್ನೋ ಪದ ನಮ್ಮ ‘ಜ್ಯಾ’ ಅಥವಾ ‘ಜೀವಾ’ ಅರಬಿಗೆ ಹೋಗಿ, ಅಲ್ಲಿಂದ ಲ್ಯಾಟಿನ್‌ಗೆ ಅನುವಾದ ಆಗುವಾಗ ತಪ್ಪರ್ಥ ಆಗಿ ಹುಟ್ಟಿದ್ದು. ಇಂಗ್ಲಿಷಲ್ಲಿ ಮಾತ್ರ ಗಣಿತ ಅರ್ಥ ಆಗೋದು ಅನ್ನೋರಿಗೆ ಇದನ್ನ ಹೇಳಬಹುದು.

ಇನ್ನೊಂದು ಲೆಕ್ಕವನ್ನ ಗೆಳೆಯನೇ ಹಾಕಿದ. ಪ್ರತಿ ಸಲ 60 ಡಿಗ್ರಿ ತಿರುಗಿ, ಉದ್ದವನ್ನ ಅರ್ಧ ಮಾಡ್ತಾ ಹೋದ್ರೆ? 1 ಮೀಟರ್, ಅರ್ಧ ಮೀಟರ್, ಕಾಲು ಮೀಟರ್... ಸುರುಳಿ ಸುತ್ತಿ ಒಂದು ಜಾಗಕ್ಕೆ ಬಂದು ನಿಲ್ಲುತ್ತೆ. ಗುಣೋತ್ತರ ಶ್ರೇಢಿಯ ಅನಂತ ಮೊತ್ತದ ಸೂತ್ರ ಹಾಕಿ ನೋಡಿದ್ವಿ: ರಸ್ತೆ ಪಾಲು ಸರಿಯಾಗಿ 1, ಕಡಲ ಪಾಲು 1 ಭಾಗಿಸು ರೂಟ್ 3, ಸುಮಾರು 0.58. ಅಂದ್ರೆ ಮೊದಲ ಹೆಜ್ಜೆ ಮುಗಿದ ಜಾಗದಿಂದ ನೇರ ಕಡಲ ಕಡೆಗೆ 58 ಸೆಂಟಿಮೀಟರ್. ಟೇಪ್ ಹಿಡಿದು ಅಳೆದ್ವಿ. ಮರಳಲ್ಲಿ ಆರೇಳು ಗೆರೆ ಆದ್ಮೇಲೆ ಕೋಲು ಹಿಡಿಯೋಕೆ ಜಾಗ ಇರಲಿಲ್ಲ, ಆದ್ರೂ ಲೆಕ್ಕಕ್ಕೂ ಟೇಪಿಗೂ ಎರಡು ಬೆರಳಿನಷ್ಟೇ ವ್ಯತ್ಯಾಸ. ‘1 + ಅರ್ಧ ಕಾಸ್ 60 + ಕಾಲು ಕಾಸ್ 120 + ...’ ಅನ್ನೋ ಅನಂತ ಸರಣಿಯ ಮೊತ್ತ 1 ಅನ್ನೋದನ್ನ ನಾವು ಅವತ್ತು ಕಣ್ಣಲ್ಲಿ ನೋಡಿದ್ವಿ.

ಗಂಗೊಳ್ಳಿ ಅಳಿವೆಯ ಲೆಕ್ಕ

"ಇದೆಲ್ಲ ಸರಿ, ಇದ್ರಿಂದ ಎಂತ ಪ್ರಯೋಜನ?" ಅಂತ ಕೇಳೋರು ಇದ್ದೇ ಇರ್ತಾರೆ. ನಮ್ಮ ಕುಂದಾಪುರದವನ ಅಜ್ಜ ಗಂಗೊಳ್ಳಿಯಲ್ಲಿ ದೋಣಿ ಬಿಟ್ಟವರು. ಐದು ನದಿಗಳು ಕೂಡಿ ಕಡಲು ಸೇರೋ ಅಳಿವೆ ಅದು. ನೀರು ಏರಿದಾಗ ಒಳಗೆ ಬರೋದು ಸುಲಭ, ಇಳಿದಾಗ ಕಷ್ಟ. ಅಮಾವಾಸ್ಯೆ ಹುಣ್ಣಿಮೆಗೆ ನೀರಿನ ಜೋರು ಹೆಚ್ಚು, ಅಷ್ಟಮಿ ಹೊತ್ತಿಗೆ ಕಡಿಮೆ, ಉಬ್ಬರದ ಹೊತ್ತು ದಿನಕ್ಕೆ ಎರಡು ಗಳಿಗೆ ತಡ ಆಗ್ತಾ ಹೋಗುತ್ತೆ. ಇದು ಅಜ್ಜನ ಲೆಕ್ಕ. ಒಂದು ಗಳಿಗೆ ಅಂದ್ರೆ 24 ನಿಮಿಷ, ಎರಡು ಅಂದ್ರೆ 48. ಪುಸ್ತಕದಲ್ಲಿ ಇರೋದು ಸುಮಾರು 50 ನಿಮಿಷ.

ಈಗ ಬಾಣದ ಲೆಕ್ಕ. ಚಂದ್ರನಿಂದ ಆಗೋ ಮುಖ್ಯ ಉಬ್ಬರದ ಅವಧಿ 12 ಗಂಟೆ 25 ನಿಮಿಷ. ಅದನ್ನ ಒಂದು ತಿರುಗೋ ಬಾಣ ಅಂದ್ಕೊಳ್ಳಿ, ಗಂಟೆಗೆ 28.98 ಡಿಗ್ರಿ ತಿರುಗುತ್ತೆ. ಸೂರ್ಯನಿಂದ ಆಗೋದರ ಅವಧಿ 12 ಗಂಟೆ, ಗಂಟೆಗೆ 30 ಡಿಗ್ರಿ. ನೀರಿನ ಮಟ್ಟ ಇವೆರಡರ ಮೊತ್ತದ ನೆರಳು.

ಪಿಯುಸಿಯಲ್ಲಿ ಕಾಸ್ ಎ + ಕಾಸ್ ಬಿ ಸೂತ್ರ ಬಾಯಿಪಾಠ ಮಾಡಿದ್ವಲ್ಲ, ಅದನ್ನ ಇಲ್ಲಿ ಹಾಕಿ ನೋಡಿ. ಕೆಲಸ ಮಾಡೋದಿಲ್ಲ! ಆ ಸೂತ್ರಕ್ಕೆ ಎರಡು ಅಲೆಗಳ ಎತ್ತರ ಒಂದೇ ಇರಬೇಕು. ಸೂರ್ಯನ ಸೆಳೆತದ ಪರಿಣಾಮ ಚಂದ್ರನ ಅರ್ಧಕ್ಕಿಂತ ಸ್ವಲ್ಪ ಕಡಿಮೆ, 0.46ರಷ್ಟು. ಕಡಲು ನಮ್ಮ ಪಠ್ಯಪುಸ್ತಕ ನೋಡಿ ಏರಿಳಿಯೋದಿಲ್ಲ.

ಬಾಣಕ್ಕೆ ಆ ತೊಂದರೆ ಇಲ್ಲ. ಚಂದ್ರನ ಬಾಣದ ತುದಿಗೆ ಸೂರ್ಯನ ಬಾಣ ಸೇರಿಸಿ. ಚಂದ್ರನ ಬಾಣದ ಮೇಲೆ ಕೂತು ನೋಡಿದ್ರೆ ಸೂರ್ಯನ ಬಾಣ ಗಂಟೆಗೆ 1.016 ಡಿಗ್ರಿ ಮಾತ್ರ ತಿರುಗ್ತಾ ಇರುತ್ತೆ. ಎರಡೂ ಒಂದೇ ದಿಕ್ಕಿಗೆ ಬಂದಾಗ ಉದ್ದ 1 + 0.46 = 1.46, ದೊಡ್ಡ ಉಬ್ಬರ. ಎದುರುಬದುರಾದಾಗ 1 − 0.46 = 0.54, ಸಣ್ಣ ಉಬ್ಬರ. ಒಂದು ಸುತ್ತಿಗೆ ಎಷ್ಟು ಹೊತ್ತು? 360 ಭಾಗಿಸು 1.016, ಸುಮಾರು 354 ಗಂಟೆ, ಹದಿನಾಲ್ಕು ಮುಕ್ಕಾಲು ದಿನ. ಅಂದ್ರೆ ಅಮಾವಾಸ್ಯೆಯಿಂದ ಹುಣ್ಣಿಮೆಗೆ ಇರೋ ಅಂತರ! ಎರಡೇ ಸಾಲಿನಲ್ಲಿ ಅಜ್ಜನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ಆಯ್ತು. ನಿಜವಾದ ಕಡಲಲ್ಲಿ ನೆಲ, ಆಳ, ಕರಾವಳಿಯ ಆಕಾರ ಎಲ್ಲ ಸೇರೋದ್ರಿಂದ ಈ ಅನುಪಾತ ಊರಿಂದೂರಿಗೆ ಬದಲಾಗುತ್ತೆ. ದೊಡ್ಡ ಉಬ್ಬರವೂ ಅಮಾವಾಸ್ಯೆ ದಿನವೇ ಬರದೆ, ಸಾಮಾನ್ಯವಾಗಿ ಒಂದೆರಡು ದಿನ ತಡ ಆಗುತ್ತೆ. ಅದಕ್ಕೂ ಬಾಣದಲ್ಲೇ ಉತ್ತರ ಇದೆ: ಶುರುವಿನ ಕೋನ ಬೇರೆ.

1872ರಲ್ಲಿ ವಿಲಿಯಂ ಥಾಮ್ಸನ್, ಅಂದ್ರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಈ ಮೊತ್ತವನ್ನ ಮಾಡೋಕೆ ಒಂದು ಯಂತ್ರವನ್ನೇ ವಿನ್ಯಾಸ ಮಾಡಿದ್ರು. ಒಂದೊಂದು ಘಟಕಕ್ಕೆ ಒಂದೊಂದು ತಿರುಗೋ ಚಕ್ರ, ಎಲ್ಲದರ ಮೇಲೂ ಹಾದುಹೋಗುವ ಒಂದೇ ದಾರ, ದಾರದ ತುದಿಯಲ್ಲಿ ಪೆನ್ನು. ಚಕ್ರಗಳು ತಿರುಗಿದ ಹಾಗೆ ಪೆನ್ನು ಮೊತ್ತವನ್ನ ಬರೀತಾ ಹೋಗುತ್ತೆ. ಭಾರತದ ಬಂದರುಗಳಿಗೆ ಅಂತಲೇ 1879ರಲ್ಲಿ 20 ಘಟಕಗಳ ಯಂತ್ರ ತಯಾರಾಯ್ತು. ಇವತ್ತು ಅಮೆರಿಕದ ನೋವಾ ಸಂಸ್ಥೆ ಸಾಮಾನ್ಯವಾಗಿ 37 ಘಟಕ ಬಳಸುತ್ತೆ. ನಮ್ಮಲ್ಲಿ ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಉಬ್ಬರ-ಇಳಿತದ ಪಟ್ಟಿ ಪ್ರಕಟಿಸುತ್ತೆ. ಕಂಪ್ಯೂಟರ್ ಒಳಗೆ ನಡೆಯೋದೂ ತಿರುಗೋ ಬಾಣಗಳ ಮೊತ್ತವೇ.

ಅಜ್ಜನಿಗೆ ಇದನ್ನ ಹೇಳಿದ್ವಿ. ಇಂಗ್ಲಿಷ್ ಪದ ಒಂದೂ ಹಾಕದೆ, ಎರಡು ಕಡ್ಡಿ ಇಟ್ಟು ತೋರಿಸಿದ್ವಿ. ಪೂರ್ತಿ ಕೇಳಿ ಅಂದ್ರು: "ಸಮ ಇತ್ತ್. ಆದ್ರೆ ಗಾಳಿ ಲೆಕ್ಕ ಹಿಡುದ್ ಯಾರ್?" ಸರಿಯಾದ ಪ್ರಶ್ನೆ. ಗಾಳಿಯಿಂದ ಏರೋ ನೀರು ಈ ಪಟ್ಟಿಯಲ್ಲಿ ಬರೋದಿಲ್ಲ. ನಮ್ಮ ಕ್ಲಾಸಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿದ್ದು ನೆನಪಿಲ್ಲ.

ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ಕಡಲು ಬೇಡ ಅಂದ್ರೆ ಘಟ್ಟದ ಬುಡಕ್ಕೆ ಬನ್ನಿ. ಹೊಸಂಗಡಿಯಲ್ಲಿ ವಾರಾಹಿ ಭೂಗತ ವಿದ್ಯುದಾಗಾರ ಇದೆ, 460 ಮೆಗಾವ್ಯಾಟ್ ಸಾಮರ್ಥ್ಯದ್ದು. ಅಲ್ಲಿಂದ ಹೊರಡೋದು ತ್ರೀ ಫೇಸ್ ಕರೆಂಟು. ಮೂರು ಕಾಸ್‌ಗಳು, ಒಂದಕ್ಕೊಂದು 120 ಡಿಗ್ರಿ ಅಂತರ. ಮೂರು ಬಾಣ ಜೋಡಿಸಿದ್ರೆ ಸಮಬಾಹು ತ್ರಿಕೋನ, ಹೊರಟ ಜಾಗಕ್ಕೇ ವಾಪಸ್, ಮೊತ್ತ ಸೊನ್ನೆ. ಲೋಡ್ ಸಮ ಇದ್ರೆ ನ್ಯೂಟ್ರಲ್ ತಂತಿಯಲ್ಲಿ ಕರೆಂಟ್ ಹರಿಯದೆ ಇರೋದು ಇದಕ್ಕೇ. 1893ರಲ್ಲಿ ಸ್ಟೈನ್‌ಮೆಟ್ಜ್ ಏಸಿ ಲೆಕ್ಕಕ್ಕೆ ಸಂಕೀರ್ಣ ಸಂಖ್ಯೆ ತಂದದ್ದು ಎಂಜಿನಿಯರುಗಳ ಕೆಲಸ ಸುಲಭ ಮಾಡೋಕೆ. ನಾವು ಅದನ್ನ ಕಷ್ಟ ಮಾಡ್ಕೊಂಡು ಕೂತಿದ್ದೀವಿ.

ಮೂರು ಆಕ್ಷೇಪ

ಇದನ್ನೆಲ್ಲ ಹಾಸ್ಟೆಲಲ್ಲಿ ಹೇಳಿದಾಗ ಬಂದ ಮಾತುಗಳು ಮೂರು.

ಒಂದು: "ಎಕ್ಸಾಮಿಗೆ ಸೂತ್ರ ಸಾಕು." ಸಾಕು, ನಿಜ. ನಮಗೂ ಸಾಕಾಗಿತ್ತು. ಆದ್ರೆ ಸೂತ್ರ ಮಾತ್ರ ಗೊತ್ತಿದ್ದಾಗ ಲೆಕ್ಕ ಸ್ವಲ್ಪ ತಿರುಗಿಸಿ ಕೊಟ್ರೆ ಕೈ ನಿಲ್ಲುತ್ತೆ. ಕಾಸ್ ಥೀಟಾ + ಕಾಸ್ 3ಥೀಟಾ + ಕಾಸ್ 5ಥೀಟಾ ಅಂತ ಕೊಟ್ರೆ ಬೇರೆ ಸೂತ್ರ ಹುಡುಕ್ತೀವಿ. ಬಾಣ ಗೊತ್ತಿದ್ದವನು 2ಥೀಟಾದಷ್ಟು ತಿರುಗಿಸಿ ಮುಂದೆ ಹೋಗ್ತಾನೆ.

ಎರಡು: "ಸಾಫ್ಟ್‌ವೇರ್ ಇದೆಯಲ್ಲ." ಇದೆ. ಆದ್ರೆ ಸಾಫ್ಟ್‌ವೇರ್ ಕೊಟ್ಟ ಉತ್ತರ ತಪ್ಪು ಅಂತ ಗೊತ್ತಾಗೋದು ಯಾರಿಗೆ? ತ್ರೀ ಫೇಸಿನ ಮೊತ್ತ ಸೊನ್ನೆ ಬರದೆ ಇದ್ದಾಗ ಏನೋ ಎಡವಟ್ಟಾಗಿದೆ ಅಂತ ತಟ್ಟನೆ ಹೇಳೋಕೆ ತಲೆಯೊಳಗೆ ಒಂದು ತ್ರಿಕೋನ ಇರಬೇಕು.

ಮೂರು: "ಕನ್ನಡದಲ್ಲಿ ಗಣಿತ ಓದಿದ್ರೆ ಪ್ಲೇಸ್‌ಮೆಂಟ್ ಸಿಗುತ್ತಾ?" ಇದಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಇಂಗ್ಲಿಷ್ ಬಿಡಿ ಅಂತ ನಾವು ಹೇಳ್ತಾ ಇಲ್ಲ. ಪೇಪರ್ ಇಂಗ್ಲಿಷಲ್ಲೇ ಬರೀಬೇಕು, ಕೆಲಸವೂ ಇಂಗ್ಲಿಷಲ್ಲೇ. ನಾವು ಈ ಲೇಖನವನ್ನ ಕನ್ನಡದಲ್ಲಿ ಬರೆಯೋಕೆ ಪಟ್ಟ ಪಾಡು ನಮಗೇ ಗೊತ್ತು, ಒತ್ತಕ್ಷರ ತಪ್ಪಿದ್ದನ್ನ ತಿದ್ದಿಸಿಕೊಂಡಿದ್ದೀವಿ. ಆದ್ರೆ ಒಂದು ಪರೀಕ್ಷೆ ಮಾಡಿ ನೋಡಿ. ನಿಮಗೆ ಗೊತ್ತು ಅನ್ಸಿದ ಯಾವುದೇ ವಿಷಯವನ್ನ ಮನೆ ಭಾಷೆಯಲ್ಲಿ, ಕುಂದಾಪ್ರ ಕನ್ನಡವೋ ತುಳುವೋ ಕೊಂಕಣಿಯೋ ಬ್ಯಾರಿಯೋ, ಮನೆಯವರಿಗೆ ಹೇಳಿ ನೋಡಿ. ಎಲ್ಲಿ ನಿಲ್ತೀರೋ ಅಲ್ಲಿ ನಿಮಗೆ ಗೊತ್ತಿಲ್ಲ. "ರೂಟ್ ಆಫ್ ಮೈನಸ್ ಒನ್" ಅಂತ ಇಂಗ್ಲಿಷಲ್ಲಿ ಹೇಳಿದಾಗ ಅದು ಉತ್ತರದ ಹಾಗೆ ಕೇಳುತ್ತೆ. ಕನ್ನಡದಲ್ಲಿ ಹೇಳೋಕೆ ಹೋದಾಗಲೇ ನಮಗೆ ಅದು ಉತ್ತರ ಅಲ್ಲ ಅಂತ ಗೊತ್ತಾದದ್ದು.

ನಮ್ಮ ಭಾಷೆಗೆ ಇದು ಹೊಸತೂ ಅಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಅಂತ ಕನ್ನಡದಲ್ಲಿ ಗಣಿತ ಬರೆದಿದ್ದ. ಪಕ್ಕದ ಕೇರಳದಲ್ಲಿ ಮಾಧವನ ಪರಂಪರೆಯವರು ಜ್ಯಾ ಸರಣಿಗಳನ್ನ ಕಂಡುಹಿಡಿದ್ರು. ಆ ಸರಣಿಗಳ ಸಾಧನೆಯನ್ನ ಜ್ಯೇಷ್ಠದೇವ 16ನೇ ಶತಮಾನದಲ್ಲಿ ‘ಯುಕ್ತಿಭಾಷಾ’ದಲ್ಲಿ ಬರೆದದ್ದು ಮಲಯಾಳಂನಲ್ಲಿ. ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗೆ ‘ಬಾಲಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಬರೆದ್ರು. ಅವರ ಊರಿನ ಪಕ್ಕದವರಾದ ನಮಗೆ ಒಂದು ‘ಐ’ ಅರ್ಥ ಮಾಡಿಸೋಕೆ ಆಗ್ಲಿಲ್ಲ ಅಂದ್ರೆ ತಪ್ಪು ಭಾಷೆಯದ್ದಲ್ಲ.

ಹಾಗಾದ್ರೆ ಮಾಡೋದೆಂತ?

ಸಿಲಬಸ್ ಬದಲಾಯಿಸಿ, ಮೇಷ್ಟ್ರುಗಳು ಬದಲಾಗಲಿ ಅಂತ ದೊಡ್ಡ ಬೇಡಿಕೆ ಇಡೋ ವಯಸ್ಸು ನಮ್ಮದಲ್ಲ. ಒಂದು ಸೆಮಿಸ್ಟರಲ್ಲಿ ಐದು ಮಾಡ್ಯೂಲ್ ಮುಗಿಸಬೇಕಾದವರಿಗೆ ಮರವಂತೆಗೆ ಕರ್ಕೊಂಡು ಹೋಗೋಕೆ ಪುರುಸೊತ್ತಿಲ್ಲ, ಅದು ನಮಗೂ ಗೊತ್ತು. ನಮ್ಮ ಕೈಯಲ್ಲಿ ಇರೋದನ್ನ ಹೇಳ್ತೀವಿ.

ಕನ್ನಡ ಸಂಘ ಅಂದ್ರೆ ನವೆಂಬರ್ ಒಂದಕ್ಕೆ ಶಾಲು, ಹಾಡು, ಫೋಟೋ ಅಂತ ಆಗಿಬಿಟ್ಟಿದೆ. ಅದೂ ಇರಲಿ. ಆಸಾಡಿ ಅಮಾವಾಸ್ಯೆಗೆ ವಿಶ್ವ ಕುಂದಾಪ್ರ ಕನ್ನಡ ದಿನದ ಸ್ಟೇಟಸ್ಸೂ ಹಾಕೋಣ. ಅವತ್ತು ಮರವಂತೆಯಲ್ಲಿ ಜಾತ್ರೆ, ಕಡಲಲ್ಲಿ ಎರಡು ಬಾಣವೂ ಒಂದೇ ದಿಕ್ಕಿಗೆ ಬರೋ ಹೊತ್ತು. ಆದ್ರೆ ವಾರಕ್ಕೆ ಒಂದು ಗಂಟೆ, ಒಂದು ಖಾಲಿ ಕ್ಲಾಸ್‌ರೂಮಲ್ಲಿ, ಯಾರಿಗೆ ಯಾವುದು ಅರ್ಥ ಆಗಿಲ್ಲವೋ ಅದನ್ನ ಕನ್ನಡದಲ್ಲಿ ಕೇಳೋ ಜಾಗ ಬೇಕು. ಪಾಠ ಮಾಡೋದಲ್ಲ, ಕೇಳೋದು. ನಿಯಮ ಒಂದೇ: ಪ್ರಶ್ನೆಗೆ ನಗಬಾರದು. ಉತ್ತರ ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಬೇಕು, ಮುಂದಿನ ವಾರ ಹುಡುಕ್ಕೊಂಡು ಬರಬೇಕು. ಸಂಘದವರು ಒಪ್ಪಿದ್ರೆ ಮೊದಲ ನಾಲ್ಕು ವಾರದ ಜವಾಬ್ದಾರಿ ನಮ್ಮದು.

ಗೆಳೆಯನ ಕಥೆ ಏನಾಯ್ತು ಅಂತ ಕೇಳಬಹುದು. ಎರಡನೇ ಇಂಟರ್ನಲ್ಸಲ್ಲಿ ಅವನು ಆ ಲೆಕ್ಕ ಮಾಡಿದ. ಪೂರ್ತಿ ಮಾರ್ಕ್ಸ್ ಬರಲಿಲ್ಲ, ಒಂದು ಕಡೆ ಚಿಹ್ನೆ ತಪ್ಪಿತ್ತು. ಗಣಿತ ಅವನಿಗೆ ಈಗಲೂ ಸುಲಭ ಇಲ್ಲ. ಆದ್ರೆ ಕೋಡಿಯಿಂದ ವಾಪಸ್ ಬರುವಾಗ ಬಸ್ಸಲ್ಲಿ ಮತ್ತೆ ನಮ್ಮ ಕಡೆ ಬಗ್ಗಿ ಕೇಳಿದ: "ಎಡಕ್ಕೆ ತಿರುಗುದ್ ಐ, ಸಮ. ಹಂಗಾರೆ ಮೇಲೆ ಆಕಾಶದ ಕಡೆ ತಿರುಗುದಕ್ಕೆ ಎಂತ ಹೇಳುದ್?"

ಈ ಸಲ ನಾವು ನಗಲಿಲ್ಲ. ನಮಗೆ ಗೊತ್ತಿರಲಿಲ್ಲ. 1843ರಲ್ಲಿ ಹ್ಯಾಮಿಲ್ಟನ್ ಅನ್ನೋ ಐರಿಷ್ ಗಣಿತಜ್ಞ ಇದೇ ಪ್ರಶ್ನೆ ಹಿಡಿದು ಹೋಗಿ, ಒಂದು ‘ಐ’ ಸಾಲದೆ ‘ಜೆ’, ‘ಕೆ’ ಅಂತ ಇನ್ನೆರಡು ತಂದ ಅಂತ ಆಮೇಲೆ ಓದಿ ತಿಳ್ಕೊಂಡ್ವಿ. ಅದು ಮುಂದಿನ ವಾರದ್ದು. ಬನ್ನಿ.